ತೂಕದ ಕೊಕ್ಕೆ

ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ಕತ್ತರಿಸಿದ್ದಾಯಿತು.
ಅಂಗಿಗಳ ಕೊರಳಪಟ್ಟಿಯ ಚೀಟಿ ಬಿಚ್ಚಿ, ಚಾಕೊಲೇಟಿನ ಹೊದಿಕೆ ಸುಲಿದು
ಬೆಣ್ಣೆಯ ಜೊತೆ ಒಂದೇ ಚೀಲಕ್ಕೆ ತುರುಕಿ
ತೂಗಿದ್ದಾಯಿತು. ಮತ್ತೆ ತೂಗಿದ್ದಾಯಿತು.
ಹೆಲಿಕಾಪ್ಟರಿನವರ ಲೆಕ್ಕ ಕಟ್ಟುನಿಟ್ಟು:
ಮೂರು ಜನ, ಇನ್ನೂರ ಹತ್ತು ಕಿಲೋ ಸಾಮಾನು.
ನಾವು ಹದಿನಾಲ್ಕು ಹೆಚ್ಚು.

ಇಶ್ಬೆಲ್ ಬಾಗಿಲ ತೊಲೆಗೆ ತೂಕದ ಕೊಕ್ಕೆ ನೇತುಹಾಕಿದ್ದಾಳೆ.
ಹೋಗುವಾಗೊಮ್ಮೆ ಬರುವಾಗೊಮ್ಮೆ ಹಣೆಗೆ ತಾಗುತ್ತದೆ.
"ಏನು ಬಿಡುತ್ತೀ?" ಎನ್ನುತ್ತಾಳೆ
ಪಾದ್ರಿ ಪಾಪ ಕೇಳುವ ದನಿಯಲ್ಲಿ.
ಯೆರ್ನೇಯ್ ಎರಡನೇ ಜೊತೆ ಕಾಲುಚೀಲ ಬಿಟ್ಟ.
ನಾನು ಕಾದಂಬರಿಯಲ್ಲಿ ಓದಿಯಾದ ಪುಟಗಳನ್ನು ಹರಿದು ಕೊಟ್ಟೆ.
ಡೊರ್ತೆಯಾ ಅವುಗಳಿಂದ ಒಲೆ ಹೊತ್ತಿಸಿದಳು.
ಯಾರು ಯಾರನ್ನು ಮದುವೆಯಾದರೋ ಈಗ ನೆನಪಿಲ್ಲ.

ಡೊರ್ತೆಯಾ ಮನೆಯೊಡತಿ. ಕುಲುಸುಕ್ ದ್ವೀಪದಲ್ಲಿ
ಬಾಡಿಗೆಗೆ ಸಿಗುವ ಮಂಚ ಅವಳವೇ ನಾಲ್ಕು.
ಅವಳ ಬಳಿ ಒಂದು ಪದವಿದೆ: ಇಮಾಕಾ.
ಇರಬಹುದು, ಆಗಬಹುದು, ನೋಡೋಣ
ಮೂರನ್ನೂ ಒಟ್ಟಿಗೆ ಅರೆದ ಹಾಗೆ.
ನಾಳೆ ಹೆಲಿಕಾಪ್ಟರ್? ಇಮಾಕಾ.
ಅಂಗಡಿಯಲ್ಲಿ ಈರುಳ್ಳಿ? ಇಮಾಕಾ.
ನಾವು ಹತ್ತುವ ಶಿಖರಕ್ಕೆ ನಿಮ್ಮಲ್ಲಿ ಹೆಸರಿದೆಯೇ?
ಅದಕ್ಕೆ ಮಾತ್ರ ನಕ್ಕಳು.
"ಅಲ್ಲಿ ಸೀಲ್ ಇಲ್ಲ, ಕರಡಿ ಇಲ್ಲ.
ಹೆಸರಿಟ್ಟು ಏನು ಮಾಡುವುದು?"

ಐದನೇ ದಿನ ಪಿತೆರಾಕ್.
ಒಳನಾಡಿನ ಹಿಮದ ಬೆನ್ನಿಂದ ಜಾರಿ ಬೀಳುವ ಗಾಳಿ
ದೋಣಿಗಳ ಮಗುಚಿ, ನಾಯಿಗಳ ಹಿಮದಲ್ಲಿ ಹೂತು
ಮನೆಯನ್ನು ಬಂಡೆಗೆ ಬಿಗಿದ ಉಕ್ಕಿನ ತಂತಿಗಳನ್ನು
ಮೂರು ರಾತ್ರಿ ಮೀಟಿತು.
ಯೆರ್ನೇಯ್ ಹೊರಗೆ ಹೋಗಿ ಅದಕ್ಕೆ ಬೈದು ಬಂದ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನಂತೆ
ರೆಪ್ಪೆಗಂಟಿದ ಹಿಮ ಕರಗುವ ತನಕ ಕೂತಿದ್ದ.

ಗಾಳಿ ನಿಂತ ಮೇಲೆ ಮಂಜು.
ಸ್ಮಶಾನದ ತನಕ ನಡೆದೆ, ಬೂಟು ಪಳಗಲೆಂದು.
ಬಿಳಿಯ ಶಿಲುಬೆಗಳು, ಪ್ಲಾಸ್ಟಿಕ್ ಹೂವು.
ಒಂದರ ಮೇಲೂ ಹೆಸರಿಲ್ಲ.

ಒಂಬತ್ತನೇ ಬೆಳಿಗ್ಗೆ ಆಕಾಶ ತೊಳೆದು ಕವುಚಿಟ್ಟ ಬೋಗುಣಿ.
ಬೂಟು ಬಿಗಿದು ಚೀಲಗಳ ಮೇಲೆ ಕೂತೆವು.
ಸದ್ದು ಮೊದಲು ಕೇಳಿದ್ದು ನಾಯಿಗಳಿಗೆ.
ಬಂತು. ಕೆಂಪಗೆ. ಇಳಿಯಿತು.
ನಮಗಲ್ಲ.
ಗಾಳಿಗೆ ಮುಂಚೆಯೇ ತಾಸಿಲಾಕ್ ಆಸ್ಪತ್ರೆಗೆ ಹೋಗಿದ್ದ ಪಿಪಾಲುಕ್
ಕಂಬಳಿಯ ಗಂಟೊಂದನ್ನು ಎದೆಗವಚಿ ಇಳಿದಳು.
"ಇನ್ನೂ ನಾಲ್ಕು ಊರಿನ ಔಷಧಿ, ಟಪಾಲು, ಹಲ್ಲುನೋವು ಬಾಕಿ,"
ಅಂದ ಪೈಲಟ್. "ಪರ್ವತಕ್ಕೆ ಹಲ್ಲು ನೋಯುವುದಿಲ್ಲ."
ರೆಕ್ಕೆಯೆಬ್ಬಿಸಿದ ಹಿಮ ನಮ್ಮ ಬಾಯೊಳಗೆ ಬಿತ್ತು.

ಮಗುವಿನ ತೂಕ ಆಸ್ಪತ್ರೆಯ ಚೀಟಿಯಲ್ಲಿತ್ತು.
ಅಜ್ಜಿ ಡೊರ್ತೆಯಾಗೆ ಚೀಟಿ ಸಾಲದು, ಕಣ್ಣಾರೆ ಬೇಕು.
ಕೊಕ್ಕೆ ನೋಡಿದಳು. ನಮ್ಮನ್ನು ನೋಡಿದಳು.
ಅವಳ ತಮ್ಮ ಗಿದಿಯೋನ್, ಎರಡು ಬೆರಳು ಹಿಮಕ್ಕೆ ಕೊಟ್ಟವನು,
ಕಂಬಳಿಯ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿದ,
ನಾವು ಕಲಿತ ಯಾವ ಗಂಟೂ ಅಲ್ಲ.
ಇಶ್ಬೆಲ್ ಕೆಳಗೆ ಎರಡೂ ಅಂಗೈ ಒಡ್ಡಿ ನಿಂತಳು.
ಮುಳ್ಳು ನಡುಗಿತು, ನಿಂತಿತು:
ಮೂರು ಕಿಲೋ ಒಂಬೈನೂರು.
"ಹನ್ನೊಂದು ದಿನದ ಇಂಧನ," ಅಂದುಬಿಟ್ಟ ಯೆರ್ನೇಯ್,
ಆಮೇಲೆ ಕಿವಿ ಕೆಂಪಾಯಿತು.

ಗಿದಿಯೋನ್ ಗಂಟು ಬಿಚ್ಚಿ ಎತ್ತಿಕೊಂಡು
ಆ ಪುಟ್ಟ ಮುಖಕ್ಕೆ "ಅಣ್ಣಾ" ಅಂದ.
ಯಾರೂ ನಗಲಿಲ್ಲ.
ಹಿಂದಿನ ಶರತ್ಕಾಲ ಕಡಲಿಂದ ಬಾರದವನ ಹೆಸರಂತೆ,
ಈಗ ಇಲ್ಲಿ ಬಂದು ಕೂತಿದೆ,
ಹಾಲು ಕಕ್ಕುತ್ತ.

ಮಲಗುವ ಮುನ್ನ ಮತ್ತೆ ತೂಗಿದೆವು.
ಇನ್ನೂ ಹದಿನಾಲ್ಕು ಹೆಚ್ಚು.
ಒಲೆಯ ಬೆಳಕಿಗೆ ವಾಲಿ
ನಾನು ಹನ್ನೆರಡು ಪುಟ ಓದಿದೆ.